ಎರಡನೇ ಕಾಳು

ನಮ್ಮಮ್ಮನ ಕಾಳಿಗೆ ಮೂರು ಸಾವಿರ ವರ್ಷ ವಯಸ್ಸು ಎಂದು ಬುದ್ಧಿ ಬಂದಾಗಿನಿಂದ ಕೇಳಿಕೊಂಡು ಬೆಳೆದವಳು ನಾನು. ಅದು ನನಗಿಂತ ಎರಡು ಮೂರು ವರ್ಷ ದೊಡ್ಡದು ಅಷ್ಟೇ, ವರಸೆ ಹಿಡಿದರೆ ನನಗೆ ಅಕ್ಕನಾಗಬೇಕು ಎಂಬ ಸುದ್ದಿ ಬಂದ ಬೆಳಿಗ್ಗೆ ನಾವು ಮೂವರೂ ಮನೆಯಲ್ಲೇ ಇದ್ದೆವು. ಅಪ್ಪ ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಇನ್ನೊಂದು ತುದಿಯಲ್ಲಿ ಅಮ್ಮ ಹಳೆಯ ಮೈಕ್ರೋಸ್ಕೋಪಿನ ಗಾಜು ಒರೆಸುತ್ತಿದ್ದಳು. ನಾನು ಕ್ಲಿನಿಕ್ಕಿಗೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ.

ಬಾಗಿಲಲ್ಲಿ ಅಮ್ಮನ ಶಿಷ್ಯೆ ನಿಂತಿದ್ದಳು. ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದಳು.

"ಮೇಡಂ, ಕಾಳಿನ ವಯಸ್ಸು ಬಂತು" ಅಂದಳು.

"ಬಂತಾ? ಎಷ್ಟಂತೆ? ಮೂರು ಸಾವಿರಕ್ಕೆ ನೂರಿನ್ನೂರು ಕಮ್ಮಿ ಆದ್ರೂ ನಂಗೇನೂ ಬೇಜಾರಿಲ್ಲ. ಹೇಳು."

"ಹೊಸದು ಮೇಡಂ."

"ಹೊಸದು ಅಂದ್ರೆ? ಎರಡು ಸಾವಿರಾನಾ?"

"ಅಲ್ಲ ಮೇಡಂ. ಈಗಿನ ಕಾಲದ್ದು. ನೀವು ಅಗೆದ್ರಲ್ಲ, ಆ ವರ್ಷ ಬೆಳೆದಿದ್ದು. ಇಲ್ಲಾಂದ್ರೆ ಅದರ ಹಿಂದಿನ ವರ್ಷ. ನಾನು ಲ್ಯಾಬಿನವರಿಗೆ ಫೋನ್ ಮಾಡಿ ಜಗಳಾನೇ ಆಡಿದೆ. ಅವರು ಯಂತ್ರದಲ್ಲಿ ಮತ್ತೆ ಮತ್ತೆ ಇಟ್ಟು ನೋಡಿದಾರಂತೆ. ಏನೂ ತಪ್ಪಿಲ್ಲ ಅಂದ್ರು."

ಅಮ್ಮ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿದ್ದನ್ನೇ ಒರೆಸುತ್ತಾ ಹೋದಳು. ಆಗ ಅಪ್ಪ ಒಂದೇ ಒಂದು ಮಾತು ಕೇಳಿದರು.

"ಕಳಿಸಿಬಿಟ್ಯಾ?"

ಹೊಸದು ಹೇಗಾಯಿತು, ಯಾರು ಹೇಳಿದರು, ಈಗ ಗತಿಯೇನು, ಯಾವುದೂ ಇಲ್ಲ. ಕಳಿಸಿಬಿಟ್ಯಾ ಅಂತ ಅಷ್ಟೇ. ಕಾಳು ಕಳೆದುಹೋಯಿತಲ್ಲ ಎಂಬ ಸಂಕಟಕ್ಕೆ ಕೇಳಿದರು ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅಮ್ಮನ ಕೆಲಸ ಏನು ಎಂದು ಹೇಳದೆ ಮುಂದೆ ಹೋದರೆ ಒಂದು ಕಾಳಿಗೆ ಇಷ್ಟೊಂದು ರಾದ್ಧಾಂತವೇ ಎಂದು ನೀವು ನಕ್ಕುಬಿಡುತ್ತೀರಿ. ಹಳೆಯ ಕಾಲದ ಜನ ಬಿಟ್ಟುಹೋದ ಜಾಗಗಳನ್ನು ಅಗೆಯುವವರು ಮಡಕೆ, ಮಣಿ, ಮೂಳೆ ಹುಡುಕುತ್ತಾರೆ. ಅಮ್ಮ ಹುಡುಕುವುದು ಅವರ ಒಲೆಯಲ್ಲಿ ಸೀದುಹೋದ ಕಾಳುಗಳನ್ನು. ಹಸಿ ಕಾಳು ಮಣ್ಣಲ್ಲಿ ಕೊಳೆತುಹೋಗುತ್ತದೆ. ಇದ್ದಿಲಾದ ಕಾಳಿಗೆ ಹುಳವೂ ಇಲ್ಲ, ಕೊಳೆಯೂ ಇಲ್ಲ, ಸಾವಿರಾರು ವರ್ಷ ಹಾಗೇ ಬಿದ್ದಿರುತ್ತದೆ. ಅಗೆದ ಮಣ್ಣನ್ನು ನೀರಿನ ಡ್ರಮ್ಮಿಗೆ ಸುರಿದು ಕಲಕಿದರೆ ಮಣ್ಣು ತಳ ಸೇರುತ್ತದೆ, ಸುಟ್ಟ ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ತೆಳುವಾದ ಬಟ್ಟೆಗೆ ಬಸಿದು, ಗಂಟು ಕಟ್ಟಿ, ಒಗೆದ ಬಟ್ಟೆ ಹರವುವ ಹಾಗೆ ಹಗ್ಗಕ್ಕೆ ತೂಗುಹಾಕಿ ಒಣಗಿಸುತ್ತಾರೆ. ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಕುಂಚದಲ್ಲಿ ಒಂದೊಂದೇ ಚೂರನ್ನು ಸರಿಸಿ, ಇದು ಗೋಧಿ, ಇದು ಹುರುಳಿ, ಇದು ಬರಿಯ ಕಳೆ ಎಂದು ಆರಿಸುವುದು. ಕಣ್ಣು, ಬೆನ್ನು, ತಾಳ್ಮೆ ಮೂರನ್ನೂ ತಿನ್ನುವ ಕೆಲಸ. ನಾನು ಹಲ್ಲಿನ ಡಾಕ್ಟರ್. ನೀನು ಹೊಸ ಹುಳುಕು ನೋಡ್ತೀಯ, ನಾನು ಹಳೇ ಮಸಿ ನೋಡ್ತೀನಿ, ಇಬ್ಬರದ್ದೂ ಒಂದೇ ಕಸುಬು ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಮನೆಯಲ್ಲಿ ಒಲೆಯ ಮೇಲಿಟ್ಟದ್ದು ಸೀದರೂ ಅವಳಿಗೆ ಬೇಸರವಿರಲಿಲ್ಲ. ಪಾತ್ರೆಯ ತಳ ಕೆರೆದು ಬೆಳಕಿಗೆ ಹಿಡಿದು ನೋಡುತ್ತಾ ನಿಂತಿರುತ್ತಿದ್ದಳು. ಬಡಿಸುವ ಯೋಚನೆ ನಾನೇ ಮಾಡಬೇಕಿತ್ತು.

ಅವಳಿಗೆ ಹೆಸರು ತಂದುಕೊಟ್ಟದ್ದು ಒಂದು ಸಜ್ಜೆ ಕಾಳು. ಆಗ ಅವಳಿನ್ನೂ ಮದುವೆಯಾಗದ ಹುಡುಗಿ, ಊರಾಚೆಯ ಒಂದು ದಿಬ್ಬದ ಅಗೆತದಲ್ಲಿ ಕೆಲಸಕ್ಕಿದ್ದಳು. ಸಜ್ಜೆ ಈ ಕಡೆಗೆ ಬಂದದ್ದು ತೀರ ಈಚೆಗೆ ಎಂದೇ ಎಲ್ಲರೂ ನಂಬಿದ್ದ ಕಾಲ. ಮೂರು ಸಾವಿರ ವರ್ಷದ ಹಳೆಯ ಒಲೆಯೊಂದರ ಮಣ್ಣು ತೊಳೆದಾಗ ಅಮ್ಮನ ಬಟ್ಟೆಗಂಟಿನಲ್ಲಿ ಒಂದು ಸುಟ್ಟ ಸಜ್ಜೆ ಸಿಕ್ಕಿತು. ಒಂದೇ ಒಂದು. ಪುಸ್ತಕಗಳಲ್ಲಿ ಬಂತು, ಸಂಸ್ಥೆಯಲ್ಲಿ ಅವಳಿಗೆ ಖಾಯಂ ಕೆಲಸವಾಯಿತು, ಎಲ್ಲರ ಬಾಯಲ್ಲೂ ಸಜ್ಜೆ ಮೇಡಂ ಎಂಬ ಹೆಸರು ನಿಂತುಹೋಯಿತು. ಹಾಲಿನವನಿಂದ ಹಿಡಿದು ಸಂಸ್ಥೆಯ ನಿರ್ದೇಶಕರವರೆಗೆ ಯಾರೂ ಅವಳನ್ನು ಬೇರೆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ.

ಆದರೆ ಒಂದು ಕಾಳು ಅಂದರೆ ಅವರ ಲೋಕದಲ್ಲಿ ಅರ್ಧ ಮಾತು. ಗಾಳಿಗೆ ಬಂದಿರಬಹುದು, ದಾರಿಹೋಕನ ಚೀಲದಿಂದ ಉದುರಿರಬಹುದು. ಎರಡನೆಯದು ಸಿಕ್ಕರೆ ಬೆಳೆದರು ಎಂದು ಎದೆ ತಟ್ಟಿ ಹೇಳಬಹುದು. ಆ ಎರಡನೇ ಕಾಳಿಗಾಗಿ ಅಮ್ಮ ಇಡೀ ಆಯುಷ್ಯ ಸವೆಸಿದಳು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಬೇರೆಯವರು ರಜೆಗೆ ಸಮುದ್ರ ನೋಡಲು ಹೋಗುತ್ತಿದ್ದರು, ನಾವು ಯಾವುದಾದರೂ ಗುಂಡಿಯ ಪಕ್ಕ ಡೇರೆ ಹಾಕುತ್ತಿದ್ದೆವು. ಚಳಿಯಲ್ಲಿ ಮೊಣಕೈವರೆಗೆ ತಣ್ಣೀರಲ್ಲಿ ಕೈಯಿಟ್ಟು ಇಟ್ಟು ಅವಳ ಬೆರಳ ಗಂಟುಗಳು ಊದಿಕೊಂಡವು. ಈಗ ಅವಳಿಗೆ ಸೀಸೆಯ ಮುಚ್ಚಳ ತಿರುಗಿಸಲೂ ಆಗುವುದಿಲ್ಲ. ಬಗ್ಗಿ ಬಗ್ಗಿ ಬೆನ್ನು ಹೋಯಿತು. ದೊಡ್ಡ ಊರಿನಿಂದ ದೊಡ್ಡ ಕೆಲಸಕ್ಕೆ ಕರೆ ಬಂದರೂ ಹೋಗಲಿಲ್ಲ, ದಿಬ್ಬದ ಇನ್ನೊಂದು ಮಗ್ಗುಲು ತೊಳೆಯುವುದು ಬಾಕಿ ಇದೆ ಅಂದಳು. ಹುರುಳಿ ಸಿಕ್ಕಿತು, ಗೋಧಿ ಸಿಕ್ಕಿತು, ಹೆಸರೇ ಗೊತ್ತಿಲ್ಲದ ಹುಲ್ಲಿನ ಬೀಜಗಳು ರಾಶಿ ರಾಶಿ ಸಿಕ್ಕವು. ಸಜ್ಜೆ ಮಾತ್ರ ಸಿಗಲಿಲ್ಲ. ಪ್ರತಿ ಸಲ ಬರಿಗೈಯಲ್ಲಿ ಬಂದಾಗಲೂ ಅಪ್ಪ ಅವಳ ಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಾ ಮುಂದಿನ ಸಲ ನೋಡೋಣ ಬಿಡು ಅನ್ನುತ್ತಿದ್ದರು.

ಅಪ್ಪನೂ ಅದೇ ಅಗೆತದಲ್ಲಿದ್ದವರು. ಗುಂಡಿಯ ಗೋಡೆಗಳಲ್ಲಿ ಕಾಣುವ ಮಣ್ಣಿನ ಪದರಗಳನ್ನು, ಸಿಕ್ಕ ವಸ್ತುಗಳನ್ನು ಕಾಗದಕ್ಕಿಳಿಸುವ ನಕ್ಷೆಕಾರ. ಅಮ್ಮನ ಕಾಳಿನ ಚಿತ್ರ ಬರೆದವರೂ ಅವರೇ. ಎಲ್ಲ ಪುಸ್ತಕಗಳಲ್ಲೂ ಅದೇ ಚಿತ್ರವಿದೆ. ಮೆಲುಮಾತಿನ ಮನುಷ್ಯ, ಜಗಳಕ್ಕೆ ಸಿಗುವವರಲ್ಲ. ಒಂದು ವಿಷಯದಲ್ಲಿ ಮಾತ್ರ ಹಟ. ಆ ಕಾಳನ್ನು ವಯಸ್ಸು ಅಳೆಯಲು ಕಳಿಸಕೂಡದು.

ಅಗೆದ ಕಾಲದಲ್ಲಿ ವಯಸ್ಸು ಅಳೆಯಲು ಬೊಗಸೆ ತುಂಬ ಇದ್ದಿಲು ಬೇಕಿತ್ತು. ಹಾಗಾಗಿ ಒಲೆಯ ಇದ್ದಿಲನ್ನು ಅಳೆದು, ಅದರ ವಯಸ್ಸೇ ಕಾಳಿನ ವಯಸ್ಸು ಎಂದು ಒಪ್ಪಿಕೊಂಡಿದ್ದರು. ಈಗ ಒಂದೇ ಕಾಳು ಸಾಕು, ಆದರೆ ಆ ಕಾಳು ವಾಪಸ್ಸು ಬರುವುದಿಲ್ಲ. ಪೂರ್ತಿ ಉರಿಸಿ ಹೊಗೆ ಮಾಡಿ ಅಳೆಯುತ್ತಾರೆ. "ಇರೋದೇ ಒಂದು. ಅದನ್ನೂ ಸುಟ್ಟು ಏನು ಸಾಧಿಸ್ತೀಯಾ?" ಎಂದು ಅಪ್ಪ ಅನ್ನುತ್ತಿದ್ದರು. ಅಮ್ಮನಿಗೆ ಅದು ಪ್ರೀತಿಯಾಗಿ ಕಾಣುತ್ತಿತ್ತು. ನನಗೂ ಹಾಗೇ ಕಂಡಿತ್ತು.

ಈ ವರ್ಷ ಅವಳು ನಿವೃತ್ತಳಾಗುವವಳಿದ್ದಳು. ಬೀಳ್ಕೊಡುಗೆಯ ದಿನ ದೊಡ್ಡ ಸಭೆ, ಹೊರಗಿನ ಪಂಡಿತರೆಲ್ಲ ಬರುವವರು. ಎರಡನೇ ಕಾಳು ಸಿಗುವ ಆಸೆ ಬಿಟ್ಟಿದ್ದ ಅಮ್ಮ, ಇದ್ದೊಂದು ಕಾಳಿನ ವಯಸ್ಸನ್ನಾದರೂ ಗಟ್ಟಿ ಮಾಡಿ ಸಭೆಯ ಮುಂದಿಟ್ಟು ಹೋಗುತ್ತೇನೆ ಎಂದು ಶಿಷ್ಯೆಯ ಕೈಯಲ್ಲಿ ಗುಟ್ಟಾಗಿ ಕಳಿಸಿದ್ದಳು. ಗೊತ್ತಾದರೆ ಅಪ್ಪ ನೊಂದುಕೊಳ್ಳುತ್ತಾರೆ, ಫಲಿತಾಂಶ ಬಂದ ಮೇಲೆ ಹೇಳಿದರೆ ಖುಷಿಪಡುತ್ತಾರೆ ಎಂಬುದು ಅವಳ ಲೆಕ್ಕ. ಆ ಲೆಕ್ಕಕ್ಕೇ ಬೆಂಕಿ ಬಿದ್ದಿತ್ತು.

"ನಿಜವಾಗ್ಲೂ ವರ್ಷ ಹೇಳೋಕಾಗುತ್ತಾ?" ಎಂದು ನಾನು ಶಿಷ್ಯೆಯನ್ನು ಕೇಳಿದೆ. ಯಾರಾದರೂ ಮಾತಾಡಬೇಕಿತ್ತು.

ಅವಳು ಬಿಡಿಸಿ ಹೇಳಿದಳು. ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷೆ ಮಾಡುತ್ತಿದ್ದ ಕಾಲದಲ್ಲಿ ಜಗತ್ತಿನ ಗಾಳಿಗೆ ಒಂದು ಗುರುತು ಸೇರಿಕೊಂಡಿತಂತೆ. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾಗುತ್ತ ಬಂದಿದೆ. ಗಾಳಿ ಕುಡಿದು ಬೆಳೆದ ಯಾವ ಕಾಳಿನಲ್ಲೂ ಅದು ಇರುತ್ತದೆ, ಎಷ್ಟಿದೆ ಎಂದು ನೋಡಿದರೆ ಯಾವ ವರ್ಷದ ಕಾಳು ಎಂದು ಹೆಚ್ಚುಕಮ್ಮಿ ಹೇಳಿಬಿಡಬಹುದು. ಬಾಂಬಿಗಿಂತ ಮುಂಚಿನ ಕಾಳಾಗಿದ್ದರೆ ಆ ಗುರುತು ಇರುವ ಪ್ರಶ್ನೆಯೇ ಇಲ್ಲ.

ಅಮ್ಮ ಗಾಜು ಕೆಳಗಿಟ್ಟಳು. "ನೀನು ಹೋಗು ಮಗು. ನಂಗೆ ಸ್ವಲ್ಪ ಯೋಚನೆ ಮಾಡಬೇಕು" ಅಂದಳು. ಶಿಷ್ಯೆ ಹೆಲ್ಮೆಟ್ ಹಾಕಿಕೊಂಡೇ ಬಂದವಳು ಹಾಗೇ ಹೋದಳು. ನಾನು ಕ್ಲಿನಿಕ್ಕಿಗೆ ಬರುವುದಿಲ್ಲ ಎಂದು ಫೋನ್ ಮಾಡಿದೆ.

ಯೋಚನೆ ಅಂದರೆ ಅಮ್ಮನಿಗೆ ಕೂತು ಅಳುವುದಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆ ಹಳೆಯ ಗುಂಡಿಗೆ ಇಳಿದಳು. "ಇರುವೆ ಹೊತ್ಕೊಂಡು ಹೋಗಿರಬಹುದು. ಆದ್ರೆ ಇರುವೆ ಸುಡಲ್ಲ. ಆ ಕಾಳು ಚೆನ್ನಾಗಿ ಸುಟ್ಟಿತ್ತು."

"ಡೇರೆ ಪಕ್ಕ ಅಡುಗೆ ಮಾಡ್ತಿದ್ರಲ್ಲ, ಆ ಒಲೆಯಿಂದ ಹಾರಿರಬೇಕು" ಅಂದರು ಅಪ್ಪ. ಸುದ್ದಿ ಕೇಳಿದ ಮೇಲೆ ಅವರಾಡಿದ ಎರಡನೇ ಮಾತು ಅದು. "ಹಾಗೇ ಹೇಳಿಬಿಡು. ಯಾರು ಬೇಡ ಅಂತಾರೆ? ಎಲ್ಲರಿಗೂ ಆಗುತ್ತೆ."

"ಆ ಒಲೇಲಿ ಸಜ್ಜೆ ಒಂದು ದಿನಾನೂ ಬೇಯಲಿಲ್ಲ ರೀ. ಸಜ್ಜೆ ಸಿಗಬೇಕು ಅಂತ ಅಷ್ಟೊಂದು ಹುಡುಕ್ತಿದ್ದ ಮೇಷ್ಟ್ರು, ಡೇರೆ ಹತ್ರ ಒಂದು ಕಾಳೂ ಸುಳಿಯಕೂಡದು ಅಂತ ಕಟ್ಟಪ್ಪಣೆ ಮಾಡಿದ್ರಲ್ಲ. ಎಲ್ಲಿ ಬೆರೆತುಹೋಗುತ್ತೋ ಅಂತ. ಮರೆತುಬಿಟ್ರಾ?"

ಮೇಷ್ಟ್ರು ಅಂದರೆ ಆ ಅಗೆತದ ಹಿರಿಯರು. ಅಮ್ಮನಿಗೆ ಕಾಳಿನ ಅಕ್ಷರಾಭ್ಯಾಸ ಮಾಡಿಸಿದವರು. ತೀರಿಕೊಂಡು ಬಹಳ ವರ್ಷವಾಯಿತು. ಅವರ ಫೋಟೊ ಅಮ್ಮನ ಮೇಜಿನ ಮೇಲೇ ಇದೆ. ಅವರ ಹೆಂಡತಿ ಇನ್ನೂ ಇದ್ದಾರೆ, ಎರಡು ಬೀದಿ ಆಚೆ. ಅಮ್ಮ ತನ್ನ ತಾಯಿಗಿಂತ ಹೆಚ್ಚಾಗಿ ನೋಡಿಕೊಳ್ಳುವ ಮುದುಕಿ, ನನಗೆ ಅಜ್ಜಿ.

ಅಮ್ಮ ಇದ್ದಕ್ಕಿದ್ದಂತೆ ಮೇಜಿನತ್ತ ತಿರುಗಿದಳು. ಅವಳ ಕಣ್ಣು ಆ ಫೋಟೊದ ಮೇಲೆ ನೆಟ್ಟಿತು. ಆಮೇಲೆ ಬಹಳ ನಿಧಾನವಾಗಿ, ಯಾರಿಗೋ ಪಾಠ ಹೇಳುವ ಧ್ವನಿಯಲ್ಲಿ ಮಾತಾಡಿದಳು.

"ಸುಟ್ಟ ಸಜ್ಜೆ ಅಲ್ಲಿ ಒಂದೇ ಕಡೆ ಇತ್ತು. ಮೇಷ್ಟ್ರ ತಗಡಿನ ಪೆಟ್ಟಿಗೇಲಿ. ಹಳೇ ಕಾಳು ಗುರುತಿಸೋಕೆ ಹೋಲಿಸಿ ನೋಡಬೇಕಲ್ಲ, ಅದಕ್ಕೆ ಅಂಗಡಿಯಿಂದ ತಂದು, ಮರಳಲ್ಲಿ ಹುದುಗಿಸಿ ಸುಟ್ಟು ಇಟ್ಕೊಂಡಿದ್ರು. ಬೀಗ ಹಾಕಿರ್ತಿತ್ತು. ಕೀಲಿ ಅವರ ಸೊಂಟದಲ್ಲೇ ಇರ್ತಿತ್ತು."

"ಅಮ್ಮಾ" ಅಂದೆ ನಾನು.

"ಅವರಿಗೆ ಸಜ್ಜೆ ಬೇಕಿತ್ತು. ಸಿಗ್ಲಿಲ್ಲ. ಮೇಲಿನವರು ಕಾಳಿನ ಕೆಲಸಾನೇ ನಿಲ್ಲಿಸಿ ಅಂತ ಕೂತಿದ್ರು. ಆ ವಾರ ಮುಗಿದ್ರೆ ಕಾಳು ತೊಳೆಯೋ ನಮ್ಮನ್ನೆಲ್ಲ ಮನೆಗೆ ಕಳಿಸ್ತಿದ್ರು. ಅಷ್ಟರಲ್ಲಿ ಕಾಳು ಸಿಕ್ಕಿತು." ಅವಳು ಫೋಟೊವನ್ನು ಎತ್ತಿ ಮೇಜಿನ ಮೇಲೆ ಮಕಾಡೆ ಮಲಗಿಸಿದಳು. "ದೇವರ ಹಾಗೆ ನೋಡ್ದೆ ಈ ಮನುಷ್ಯನ್ನ."

ಮೇಷ್ಟ್ರ ತೊಡೆಯ ಮೇಲೆ ಕೂತು ಆಡಿದವಳು ನಾನು. ಆದರೂ ಅಮ್ಮ ಹೇಳಿದ್ದರಲ್ಲಿ ಎಳ್ಳಷ್ಟೂ ಸಂದು ಸಿಗಲಿಲ್ಲ. ಒಳಗೊಳಗೇ ಆ ಸತ್ತವರಿಗೆ ಬೈಯಲೂ ಶುರುಮಾಡಿದೆ. ಅಪ್ಪ ಎದ್ದು ಹಿತ್ತಿಲಿಗೆ ಹೋದರು. ನೀರು ಹಾಕಿದ ಗಿಡಗಳಿಗೇ ಮತ್ತೆ ನೀರು ಹಾಕುತ್ತಿರುವ ಸದ್ದು ಕೇಳಿಸುತ್ತಿತ್ತು. ಊಟ ಯಾರಿಗೂ ಸೇರಲಿಲ್ಲ.

ಮಧ್ಯಾಹ್ನ ಅಮ್ಮ ಸೀರೆ ಬದಲಿಸಿಕೊಂಡು ಹೊರಬಂದಳು.

"ಎಲ್ಲಿಗೆ?" ಅಂದೆ.

"ಅಜ್ಜಿ ಹತ್ರ. ಸಭೇಲಿ ಎಲ್ಲರ ಮುಂದೆ ನಾನು ಹೇಳಲೇಬೇಕು. ಸುಮ್ನೆ ಹೊಸದು ಅಂತ ಹೇಳಿ ಕೂತ್ರೆ ನಾನೇ ಹಾಕಿದೆ ಅಂತಾರೆ. ಅನ್ನಲಿ ಅಂತ ಬಿಡೋಕೂ ಆಗಲ್ಲ, ನನ್ನ ಕೈಯಿಂದ ಕಲಿತ ಹುಡುಗೀರಿದಾರೆ. ಮೇಷ್ಟ್ರ ಹೆಸರು ಹೇಳ್ತೀನಿ. ಆದ್ರೆ ಆ ಮುದುಕಿ ಸಭೇಲಿ ಕೂತು ಮೊದಲನೇ ಸಲ ಕೇಳಬಾರದು. ಮನೇಲಿ, ನನ್ನ ಬಾಯಿಂದ ಕೇಳಲಿ."

ಅವಳು ಚಪ್ಪಲಿಗೆ ಕಾಲು ಹಾಕಿದಳು. ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಪೈಪಿನ ನೀರು ಅವರ ಪಾದದ ಮೇಲೇ ಸುರಿಯುತ್ತಿತ್ತು.

"ಹೋಗಬೇಡ" ಅಂದರು.

"ಅವರಿಗೆ ನೋವಾಗುತ್ತೆ ಅಂತ ನಂಗೂ ಗೊತ್ತು. ಏನು ಮಾಡಲಿ?"

"ಹೋಗಬೇಡ. ಮೇಷ್ಟ್ರು ಹಾಕಲಿಲ್ಲ. ನಾನು ಹಾಕಿದೆ."

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಿರಬೇಕು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ, ಬರೀ ಅರ್ಥವಾಗದ ಭಾವ.

"ಏನು ಹಾಕಿದ್ರಿ?" ಅಂದಳು.

"ಕಾಳು. ಚಿತ್ರ ಬರಿ ಅಂತ ಮೇಷ್ಟ್ರು ಪೆಟ್ಟಿಗೆಯಿಂದ ತೆಗೆದು ಒಂದಷ್ಟು ಕೊಟ್ಟಿದ್ರು. ಬರೆದು ವಾಪಸ್ ಕೊಟ್ಟೆ. ಒಂದು ಉಳಿಸ್ಕೊಂಡೆ."

"ಎಲ್ಲಿಗೆ ಹಾಕಿದ್ರಿ? ಗುಂಡಿಗಾ, ಡ್ರಮ್ಮಿಗಾ?"

ಗಂಡ ಎದೆ ಒಡೆಯುವ ಮಾತು ಹೇಳಿದಾಗಲೂ ಅವಳು ಕೇಳಿದ್ದು ಇದು.

"ರಾತ್ರಿ ಹಗ್ಗದ ಮೇಲೆ ಒಣಗ್ತಿತ್ತಲ್ಲ, ಆ ಗಂಟಿಗೆ. ಸ್ವಲ್ಪ ಸಡಿಲಿಸಿ ಒಳಗೆ ಬಿಟ್ಟೆ."

"ಅದಕ್ಕೇ" ಅಂದಳು ಅಮ್ಮ. "ಅದರ ಸಂದಿಯಲ್ಲಿ ಮಣ್ಣಿರಲಿಲ್ಲ. ಚೆನ್ನಾಗಿ ತೊಳೆದಿದೀನಿ ಅಂದ್ಕೊಂಡೆ. ನನ್ನ ಕೈಗುಣ ಅಂತ ಹೆಮ್ಮೆಪಟ್ಟೆ." ಆಮೇಲೆ ಕೇಳಿದಳು, "ಯಾಕೆ?"

ಅಪ್ಪ ಪೈಪ್ ಬಿಟ್ಟು ಒಳಗೆ ಬಂದರು. ನೆಲವೆಲ್ಲ ಒದ್ದೆಯಾಯಿತು. "ಕಾಳಿನ ಕೆಲಸ ನಿಂತ್ರೆ ನೀನು ಹೊರಟುಹೋಗ್ತಿದ್ದೆ. ಇನ್ನೊಂದು ವರ್ಷ ನಡೀಲಿ, ಅಷ್ಟರಲ್ಲಿ ನಿನ್ನ ಹತ್ರ ಮಾತಾಡ್ತೀನಿ ಅಂದ್ಕೊಂಡೆ. ಒಂದು ಕಾಳಿಂದ ಏನಾಗುತ್ತೆ, ಮುಂದಿನ ವರ್ಷ ನಿಜವಾದ್ದೇ ಸಿಗುತ್ತೆ, ಇದು ಅದರಲ್ಲಿ ಮುಚ್ಚಿಹೋಗುತ್ತೆ ಅಂದ್ಕೊಂಡೆ. ಬೆಳಿಗ್ಗೆ ಹೇಳಿಬಿಡೋಣ ಅಂತಾನೇ ಬಂದೆ. ನೀನು ಡೇರೆಯಿಂದ ಡೇರೆಗೆ ಓಡಾಡ್ತಿದ್ದೆ. ಮೇಷ್ಟ್ರು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ರು. ನಿನ್ನ ಮುಖ ನೋಡಿ ನನ್ನ ನಾಲಿಗೆ ಏಳಲಿಲ್ಲ."

"ಮಾರನೇ ದಿನ?"

ಅಪ್ಪ ಒದ್ದೆ ನೆಲ ನೋಡಿದರು.

"ಮಾರನೇ ವರ್ಷ?" ಅಮ್ಮನ ಧ್ವನಿ ಏರಿರಲಿಲ್ಲ. ಏರಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. "ಮದುವೆ ದಿನ? ಇವಳು ಹುಟ್ಟಿದ ದಿನ? ನಾನು ಎರಡನೇ ಕಾಳು ಹುಡುಕ್ತಿದ್ದಾಗೆಲ್ಲ ನೀವು ಪಕ್ಕದಲ್ಲೇ ಇದ್ರಲ್ಲ. ಡ್ರಮ್ಮಿಗೆ ನೀರು ತುಂಬಿಸಿ ಕೊಡ್ತಿದ್ರಲ್ಲ. ಸಿಗಲ್ಲ ಅಂತ ಗೊತ್ತಿದ್ದೂ ಈ ಕೈ ತಿಕ್ತಾ ಮುಂದಿನ ಸಲ ನೋಡೋಣ ಅಂದ್ರಲ್ಲ."

"ಸಿಗುತ್ತೆ ಅಂತ ನಾನೂ ನಂಬಿದ್ದೆ" ಅಂದರು ಅಪ್ಪ. "ದೇವರಾಣೆ. ಪ್ರತಿ ಸಲಾನೂ ನಿನಗಿಂತ ಹೆಚ್ಚು ನಾನು ಬೇಡ್ಕೊಂಡಿದೀನಿ. ಒಂದೇ ಒಂದು ನಿಜವಾದ ಕಾಳು ಸಿಗಲಿ, ನಾನು ಉಳ್ಕೋತೀನಿ ಅಂತ."

ಅಪ್ಪನ ಮೇಲೆ ನಾನು ಜೀವಮಾನದಲ್ಲಿ ಕೂಗಾಡಿದವಳಲ್ಲ. ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಬೆರಳು ನೋಡಿ, ಬೆನ್ನು ನೋಡಿ, ಎಂಥ ಮನುಷ್ಯ ನೀವು ಅಂದೆ. ಅಷ್ಟು ಅಂದಮೇಲೆ ಇನ್ನೊಂದು ವಿಷಯ ಹೊಳೆಯಿತು. ಆ ಗಂಟು ಸಡಿಲಿಸದಿದ್ದರೆ ಕಾಳಿನ ಕೆಲಸ ನಿಲ್ಲುತ್ತಿತ್ತು, ಅಮ್ಮ ಹೋಗಿಬಿಡುತ್ತಿದ್ದಳು, ಮದುವೆ ಆಗುತ್ತಿರಲಿಲ್ಲ, ಕೂಗಾಡಲು ನಾನೇ ಇರುತ್ತಿರಲಿಲ್ಲ. ಅಪ್ಪನನ್ನು ಬೈಯುವ ಬಾಯಿ ಕೂಡ ಅದೇ ಕಾಳು ಕೊಟ್ಟದ್ದು. ಅಲ್ಲೇ ಒದ್ದೆ ನೆಲದ ಮೇಲೆ ಕೂತೆ.

ಅಮ್ಮ ಚಪ್ಪಲಿ ಬಿಚ್ಚಿದಳು. ಮಕಾಡೆ ಬಿದ್ದಿದ್ದ ಫೋಟೊವನ್ನು ಎತ್ತಿ, ಸೆರಗಿನಿಂದ ಒರೆಸಿ, ಮೊದಲಿದ್ದ ಜಾಗದಲ್ಲಿಟ್ಟಳು. ಒಳಗೆ ಹೋಗಿ ನನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಸಭೆಯ ದಿನದವರೆಗೂ ಅಲ್ಲೇ ಮಲಗಿದಳು. ಅಪ್ಪನ ಜೊತೆ ಮಾತು ಬಿಟ್ಟಳು ಎನ್ನುವಂತಿಲ್ಲ. ಊಟಕ್ಕೆ ಬನ್ನಿ, ಗ್ಯಾಸ್ ಮುಗಿದಿದೆ, ಇಷ್ಟು ಮಾತು ಇತ್ತು. ಅದಕ್ಕಿಂತ ಮೌನವೇ ಮೇಲಾಗಿತ್ತು. ಅಡುಗೆಮನೆಯಲ್ಲಿ ಏನೂ ಸೀಯಲಿಲ್ಲ, ಎಲ್ಲವೂ ಹದವಾಗಿ ಬೇಯುತ್ತಿತ್ತು. ಅದನ್ನು ಕಂಡರೆ ನನಗೆ ಇನ್ನಷ್ಟು ದಿಗಿಲಾಗುತ್ತಿತ್ತು.

ಒಂದು ಸಲ ನಾನೇ ಕೇಳಿದೆ, "ಸಭೇಲಿ ಏನು ಹೇಳ್ತೀಯಾ?"

"ಒಲೆಯಿಂದ ಹಾರಿರಬೇಕು ಅಂದ್ರೆ ಎಲ್ಲರೂ ಒಪ್ಕೋತಾರೆ" ಅಂದಳು. "ನಿಮ್ಮಪ್ಪ ಹೇಳಿದ್ದು ಸರಿ. ನನ್ನ ಹೆಸರೂ ಉಳಿಯುತ್ತೆ, ಅವರದ್ದೂ ಉಳಿಯುತ್ತೆ, ಮೇಷ್ಟ್ರದ್ದೂ ಉಳಿಯುತ್ತೆ."

"ಹಾಗೇ ಹೇಳಮ್ಮಾ" ಅಂದೆ. ಮನಸಾರೆ ಅಂದೆ. ಅಪ್ಪನ ಮೇಲೆ ಎಷ್ಟು ಸಿಟ್ಟಿದ್ದರೂ ಅವರನ್ನು ಊರ ಮುಂದೆ ನಿಲ್ಲಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಅಮ್ಮ ನನ್ನ ಮುಖ ನೋಡಿದಳು.

ಸಭೆಯ ಕೋಣೆ ಕಿಕ್ಕಿರಿದಿತ್ತು. ಗೋಡೆಯ ಮೇಲೆ ಅಪ್ಪ ಬರೆದ ಕಾಳಿನ ಚಿತ್ರವನ್ನು ಬಾಗಿಲಷ್ಟು ದೊಡ್ಡದಾಗಿ ಮಾಡಿ ಅಂಟಿಸಿದ್ದರು. ಅಜ್ಜಿ ಮೊದಲ ಸಾಲಿನಲ್ಲಿದ್ದರು. ಅಪ್ಪ ಬರುವುದಿಲ್ಲ ಅಂದುಕೊಂಡಿದ್ದೆ, ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ನಿರ್ದೇಶಕರು ಅಮ್ಮನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿ, ನಮ್ಮ ಸಜ್ಜೆ ಮೇಡಂ ಎಂದು ಮೈಕ್ ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಆ ಹೆಸರು ಇನ್ನು ಬೇಡ" ಎಂದು ಅಮ್ಮ ಶುರುಮಾಡಿದಳು. "ನನ್ನ ಕಾಳಿನ ವಯಸ್ಸು ಬಂದಿದೆ. ಅದು ನಾವು ಅಗೆದ ವರ್ಷದ ಕಾಳು."

ಸಭೆಗೆ ಸಭೆಯೇ ದಂಗಾಯಿತು. ಯಾರೋ ಒಬ್ಬರು ನಗಲು ಹೋಗಿ, ಸುತ್ತ ನೋಡಿ ಬಾಯಿ ಮುಚ್ಚಿಕೊಂಡರು. ನಿರ್ದೇಶಕರು ಕುರ್ಚಿಯಲ್ಲಿ ಕೂರುವುದೋ ಏಳುವುದೋ ತಿಳಿಯದೆ ಅರ್ಧಕ್ಕೆ ನಿಂತರು. ಅವರೇ ಒಂದು ದಾರಿ ಮಾಡಿಕೊಡಲು ನೋಡಿದರು. "ಮೇಡಂ, ಡೇರೆಯ ಒಲೆಯಿಂದಲೋ ಏನೋ ಬಂದು ಸೇರಿರಬೇಕು. ಇಂಥದ್ದು ಎಲ್ಲ ಕಡೆ ಆಗುತ್ತೆ, ಅಲ್ವೇ?"

ಅಮ್ಮ ಹೌದು ಅಂದರೆ ಮುಗಿಯುತ್ತಿತ್ತು.

"ಅಲ್ಲ. ಬೇಕಂತಲೇ ಹಾಕಿದ್ದು" ಅಂದಳು. "ಮೇಷ್ಟ್ರು ಹಾಕಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ನಾನೂ ಹಾಕಲಿಲ್ಲ. ಈ ಕಾಳು ನಂಬಿ ಯಾರ‍್ಯಾರು ಏನೇನು ಬರೆದಿದೀರೋ ಅದನ್ನೆಲ್ಲ ತೆಗೆದುಹಾಕಿ. ಮಿಕ್ಕ ಹುರುಳಿ, ಗೋಧಿ, ಹುಲ್ಲು ಎಲ್ಲ ನಾನೇ ತೊಳೆದು ಆರಿಸಿದ್ದು. ಅವು ನಿಜ. ಅನುಮಾನ ಇದ್ರೆ ಯಾವುದನ್ನಾದ್ರೂ ತಗೊಂಡು ಸುಟ್ಟು ನೋಡಿ."

"ಹಾಗಾದ್ರೆ ಯಾರು ಹಾಕಿದ್ದು?" ಎಂದು ನಡುವಿನಿಂದ ಒಂದು ಧ್ವನಿ ಕೇಳಿತು.

ಅಮ್ಮ ಮೈಕ್ ಹಿಡಿದುಕೊಂಡು ನಿಂತಳು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದರು. ತಲೆಗಳೆಲ್ಲ ಒಂದೊಂದಾಗಿ ಅತ್ತ ತಿರುಗಿದವು. ಅಜ್ಜಿಯೂ ಕಷ್ಟಪಟ್ಟು ಕತ್ತು ತಿರುಗಿಸಿ ನೋಡಿದರು. ಬಹಳ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಅಪ್ಪ ಸಾಲಿನಲ್ಲಿದ್ದವರ ಮೊಣಕಾಲು ದಾಟಿಕೊಂಡು ಹೊರಗೆ ಹೋದರು. ಯಾರೂ ಕಾಲು ಮಡಚಿ ದಾರಿ ಬಿಡಲಿಲ್ಲ.

ನಾವು ಹೊರಬಂದಾಗ ಅವರು ಸಂಸ್ಥೆಯ ಮೆಟ್ಟಿಲ ಬಳಿ ಕಂಬ ಹಿಡಿದು ನಿಂತಿದ್ದರು. ಒಳಗೆ ಇನ್ನೂ ಗುಸುಗುಸು ನಡೆದಿತ್ತು. ಅಮ್ಮನಿಗೆ ಬೆನ್ನು ನೋವು ಜಾಸ್ತಿಯಾಗಿತ್ತು, ಮೆಟ್ಟಿಲ ಮೇಲೆ ಕೂತಳು. ಅಪ್ಪ ಹತ್ತಿರ ಬಂದರು, ಆದರೆ ಕೂರಲಿಲ್ಲ.

"ನನ್ನ ಕ್ಷಮಿಸು ಅನ್ನೋಕೂ ನಂಗೆ ಮುಖ ಇಲ್ಲ" ಅಂದರು. "ನೀನು ಹೊರಟುಹೋಗ್ತೀಯ ಅನ್ನೋ ಹೆದರಿಕೇಲಿ ಮಾಡಿಬಿಟ್ಟೆ. ಅಷ್ಟೇ. ಬೇರೇನೂ ಇರಲಿಲ್ಲ ಮನಸಲ್ಲಿ."

ಅಮ್ಮ ರಸ್ತೆ ನೋಡುತ್ತಾ ಕೂತಿದ್ದಳು. ಊದಿದ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಳ್ಳಲು ಹೋಗಿ, ಆಗದೆ ಬಿಟ್ಟಳು.

"ನಾನು ಹೋಗ್ತಿರಲಿಲ್ಲ" ಅಂದಳು.

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಗಂಟು ಬಿಚ್ಚೋ ಹಿಂದಿನ ದಿನ ಮೇಷ್ಟ್ರ ಹತ್ರ ಹೋಗಿದ್ದೆ. ಕಾಳಿನ ಕೆಲಸ ನಿಂತ್ರೆ ನಿಲ್ಲಲಿ, ಮಡಕೆ ಚೂರು ತೊಳೆಯೋ ಕೆಲಸಾನಾದ್ರೂ ಕೊಡಿ, ನಾನು ಈ ಊರು ಬಿಟ್ಟು ಹೋಗಲ್ಲ ಅಂದೆ. ಯಾಕಮ್ಮಾ ಅಂದ್ರು. ನಕ್ಷೆ ಬರೆಯೋರನ್ನ ಮದುವೆ ಆಗಬೇಕು ಅಂತಿದೀನಿ, ಅವರಿಗೆ ಇನ್ನೂ ಗೊತ್ತಿಲ್ಲ ಅಂದೆ. ಮೇಷ್ಟ್ರು ನಕ್ಕು, ಆಯ್ತು ಇರು ಅಂದ್ರು."

ಅಪ್ಪ ಕಂಬ ಬಿಟ್ಟು ಅಲ್ಲೇ ಕುಸಿದು ಕೂತರು.

"ಆ ಕಾಳು ಬೇಕೇ ಇರಲಿಲ್ಲ ರೀ" ಅಂದಳು ಅಮ್ಮ.